ಮೊದಲ ಸಾಲಿನ ಕುರ್ಚಿ

ಮೊಟ್ಟೆ ಫಾರಮ್ಮಿನ ಶೆಡ್ಡಿನಲ್ಲಿ ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಓಡುವ ಪಟ್ಟಿಯ ಮೇಲೆ ಮೊಟ್ಟೆಗಳು ಉರುಳಿಕೊಂಡು ಬರುತ್ತಲೇ ಇರುತ್ತವೆ. ಒಬ್ಬಳು ದೀಪಕ್ಕೆ ಹಿಡಿದು ಒಡಕು ಹೆಕ್ಕುತ್ತಾಳೆ, ಇನ್ನೊಬ್ಬಳು ತೂಕ ನೋಡುತ್ತಾಳೆ, ಕೊನೆಯವಳು ಟ್ರೇ ತುಂಬುತ್ತಾಳೆ. ಆ ಕೊನೆಯವಳ ಗಂಡನೇ ಈಗ ಸುತ್ತಲ ಊರಿಗೆಲ್ಲ ಹೆಸರಾದ ಹಾಸ್ಯಗಾರ. ಶನಿವಾರ ಪೇಟೆಯ ಸಭಾಂಗಣದಲ್ಲಿ ಅವನ ಕಾರ್ಯಕ್ರಮವಿತ್ತು. ಹಾಗಾಗಿ ವಾರವೆಲ್ಲ ಶೆಡ್ಡಿನಲ್ಲಿ ನಗಿಸುವವರದೇ ಮಾತು.

ದೀಪದವಳಿಗೆ ಜನರನ್ನು ಕೆಣಕುವ ಹಾಸ್ಯಗಾರರೇ ಬೇಕು. ಫೋನಿನಲ್ಲಿ ನೋಡಿದರೆ ಅದೇನು ಸುಖ, ಎದುರಿಗೆ ಕೂತಾಗ ಎಲ್ಲಿ ನನ್ನನ್ನೇ ಹಿಡಿಯುತ್ತಾನೋ ಎಂದು ಎದೆ ಡವಗುಟ್ಟಬೇಕು, ಆಗಲೇ ನಗುವಿಗೆ ರುಚಿ ಎಂಬುದು ಅವಳ ವಾದ. ತೂಕದಮ್ಮನಿಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಆಕೆಗೆ ಇಷ್ಟವಾದವನು ಜೇಬಿನಲ್ಲಿ ಕೈಯಿಟ್ಟು, ನಿಂತಲ್ಲಿಂದ ಅಲುಗದೆ, ತನ್ನ ಬೊಜ್ಜಿನ ಮೇಲೆ ತಾನೇ ಮಾತಾಡುವ ಒಬ್ಬ ಮುದುಕ.

“ಟಿಕೀಟು ತಗೊಂಡು ಹೋಗಿ ಬೈಸ್ಕೊಳ್ಳೋದಾದ್ರೆ ನಮ್ಮತ್ತೆ ಏನ್ ಕಮ್ಮಿ ಇದ್ರು? ಪುಕ್ಕಟೆ ಬೈತಿದ್ರು,” ಎಂದಳು ತೂಕದಮ್ಮ. ಆಮೇಲೆ ಟ್ರೇಯವಳ ಕಡೆ ತಿರುಗಿ, ನಿನಗೆ ಯಾರು ಇಷ್ಟ, ಗಂಡನ್ನ ಬಿಟ್ಟು ಹೇಳು ಎಂದು ಕೇಳಿದಳು.

“ಬೇಗ ಮುಗಿಸೋರು,” ಎಂದಳು ಅವಳು.

ಇಬ್ಬರೂ ನಕ್ಕುಬಿಟ್ಟರು. ಗಂಡನ ಗಾಳಿ ಸೋಕಿದೆ ಎಂದರು. ಅವಳು ಹೇಳಿದ್ದು ಮಾತ್ರ ಉಪ್ಪು ಖಾರ ಹಚ್ಚದ ನಿಜ.

ಎರಡನೆಯ ಹೆರಿಗೆಯ ನಂತರ ಅವಳ ಮೈ ಅವಳ ಹಿಡಿತದಲ್ಲಿರಲಿಲ್ಲ. ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಬಟ್ಟೆ ಒದ್ದೆಯಾಗುತ್ತಿತ್ತು. ನಕ್ಕರಂತೂ ಕೇಳುವುದೇ ಬೇಡ. ಗಾಢ ಬಣ್ಣದ ಬಟ್ಟೆಯನ್ನೇ ಉಡುತ್ತಿದ್ದಳು, ಒಳಗೆ ಬಟ್ಟೆ ಮಡಿಸಿಟ್ಟುಕೊಳ್ಳುತ್ತಿದ್ದಳು. ಡಾಕ್ಟರರ ಹತ್ತಿರ ಹೋಗಬೇಕಾದರೆ ಗಂಡನೇ ಗಾಡಿಯಲ್ಲಿ ಕರೆದುಕೊಂಡು ಹೋಗಬೇಕು. ಏತಕ್ಕೆ ಎಂದು ಅವನು ಕೇಳದೆ ಇರುತ್ತಾನೆಯೇ?

ಅವನು ಕೆಟ್ಟವನಲ್ಲ. ಪಾತ್ರೆ ತೊಳೆಯುತ್ತಾನೆ, ಮಕ್ಕಳ ಮೂಗು ಒರೆಸುತ್ತಾನೆ, ಗಟ್ಟಿಯಾಗಿ ಗದರಿದವನಲ್ಲ. ಆದರೆ ಮನೆಯಲ್ಲಿ ನಡೆದದ್ದು ಅವನ ಕಿವಿಗೆ ಬಿದ್ದರೆ ವೇದಿಕೆ ಹತ್ತಿದ ಹಾಗೆಯೇ. ಅವಳ ಗೊರಕೆ ಹತ್ತಿತ್ತು. ಹಲ್ಲುನೋವಿಗೆ ಊದಿದ ಕೆನ್ನೆ ಹತ್ತಿತ್ತು. ಹೆರಿಗೆ ನೋವಿನಲ್ಲಿ ಅವನಿಗೆ ಬೈದ ಬೈಗುಳವೆಲ್ಲ ಒಂದೂ ಬಿಡದೆ ಹತ್ತಿ, ಸಂತೆಯಲ್ಲಿ ಸಿಕ್ಕವರು ಅವಳೆದುರೇ ಅವನ್ನು ಒಪ್ಪಿಸಿ ನಗುತ್ತಿದ್ದರು. ಇದೂ ಹತ್ತಿದರೆ ತಾನು ಯಾವ ಮುಖ ಹೊತ್ತು ಶೆಡ್ಡಿಗೆ ಬರಲಿ ಎಂದು ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಶನಿವಾರ ಸಭಾಂಗಣದ ಬಾಗಿಲ ಬದಿಯಲ್ಲೇ ಒಂದು ಕುರ್ಚಿ ಕೊಡಿಸಿ ಎಂದು ಗಂಡನನ್ನು ಕೇಳಿ ನೋಡಿದಳು. ಹೆಂಡತಿಯೇ ಹಿಂದೆ ಕೂತರೆ ಜನ ಏನಂದುಕೊಳ್ಳುತ್ತಾರೆ ಎಂದು ಅವನು ಮೊದಲ ಸಾಲಿನ ನಟ್ಟನಡುವೆ ಕೂರಿಸಿದ. ಬಲಕ್ಕೆ ದೀಪದವಳು, ಎಡಕ್ಕೆ ತೂಕದಮ್ಮ, ಆಚೆ ಈಚೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಜನ. ಅಡಕತ್ತರಿಯಲ್ಲಿ ಸಿಕ್ಕಿದಂತಾಯಿತು. ಎದ್ದು ಹೋಗಬೇಕೆಂದರೆ ಅಷ್ಟೂ ಜನ ಕಾಲು ಮಡಿಸಬೇಕು, ಅವನು ಮೈಕು ಹಿಡಿದು ನೋಡುತ್ತಿರುತ್ತಾನೆ.

ಕಾರ್ಯಕ್ರಮ ಶುರುವಾಯಿತು. ಅವಳು ಸತ್ತವರನ್ನು ನೆನೆದಳು, ಮಗನ ಜ್ವರವನ್ನು ನೆನೆದಳು, ವೇದಿಕೆಯ ಪರದೆಯ ಹೊಲಿಗೆಯನ್ನೇ ದಿಟ್ಟಿಸಿದಳು. ಸಭೆಯೆಲ್ಲ ಹೊರಳಾಡುವಾಗ ಅವಳೊಬ್ಬಳು ಕಲ್ಲಿನ ಹಾಗೆ ಕೂತಿದ್ದಳು. ಅದೇ ಅವಳು ಮಾಡಿದ ತಪ್ಪು. ನಗದೆ ಕೂತ ಒಬ್ಬರನ್ನು ಕಂಡರೆ ನಗಿಸುವವನಿಗೆ ನಕ್ಕ ನೂರು ಮಂದಿ ಕಾಣಿಸುವುದಿಲ್ಲ. ಅವನು ಹೇಳುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು ವೇದಿಕೆಯ ಅಂಚಿಗೆ ಬಂದ.

“ಇವರು ನಮ್ಮನೆಯವರು. ಮೊಟ್ಟೆ ಕೆಲಸ. ಮಗು ಹುಟ್ಟಿದ ದಿನ ಎತ್ತಿ ದೀಪಕ್ಕೆ ಹಿಡಿದು ನೋಡಿದ್ರು, ಒಡಕು ಇದ್ಯಾ ಅಂತ. ನನ್ನನ್ನ ಮದುವೆ ದಿನಾನೇ ನೋಡಿದ್ರು.” ಸ್ವಲ್ಪ ತಡೆದ. “ಒಡಕಿನ ಟ್ರೇಗೆ ಹಾಕಿದ್ರು. ಇವತ್ತಿಗೂ ಅಲ್ಲೇ ಇದೀನಿ.”

ಟ್ರೇಯ ಗುಂಡಿಯಲ್ಲಿ ಕೂತ ಒಡಕು ಮೊಟ್ಟೆಯ ಹಾಗೆ ಅವನು ಮೊಣಕಾಲು ತಬ್ಬಿಕೊಂಡು ನೆಲದ ಮೇಲೆ ಕುಕ್ಕರಿಸಿ, ಕತ್ತು ಓರೆ ಮಾಡಿ ಅವಳನ್ನೇ ನೋಡಿದ. ಎಷ್ಟಾದರೂ ಅವನು ಕಸುಬು ಬಲ್ಲವನು. ಅವಳಿಗೆ ಹೊಟ್ಟೆಯಾಳದಿಂದ ನಗು ಉಕ್ಕಿತು. ತಡೆದಷ್ಟೂ ಉಕ್ಕಿತು. ಸಭೆ ಚಪ್ಪಾಳೆ ತಟ್ಟಿತು. ಕಣ್ಣೀರು ಒರೆಸಿಕೊಳ್ಳುತ್ತಲೇ ಅವಳಿಗೆ ಕೆಳಗೆ ಬಿಸಿ ಹರಡಿದ್ದು ತಿಳಿಯಿತು.

ಮುಗಿದ ಮೇಲೆ ಎಲ್ಲರೂ ಎದ್ದರು, ಅವಳು ಏಳಲಿಲ್ಲ. ಹಾಸ್ಯಗಾರನ ಜೊತೆ ಫೋಟೋ ಬೇಕೆಂದು ಬಂದವರು ಅವಳ ಕುರ್ಚಿಯ ಸುತ್ತಲೇ ನಿಂತು ತೆಗೆಸಿಕೊಂಡರು. ಮಹಾರಾಣಿ ಎದ್ದೇಳಲ್ಲ ನೋಡಿ ಎಂದು ಅವನು ಅದಕ್ಕೂ ಒಂದು ಮಾತು ಸೇರಿಸಿ ನಗಿಸಿದ. ಸಭಾಂಗಣ ಖಾಲಿಯಾದ ಮೇಲೆ ಸೆರಗನ್ನು ಹಿಂದಿನಿಂದ ಬಳಸಿ ಹಿಡಿದು, ಗೋಡೆಯ ಬದಿಗೇ ನಡೆದು, ಅವಳು ಗಾಡಿ ಹತ್ತಿದಳು.

ಊರಿನ ದಾರಿ ಹಿಡಿದಾಗ ಇನ್ನೂ ಬೆಳಕಿತ್ತು. ಸೀಟಿನ ಮೇಲೆ ಅವಳು ಗೋಣಿಚೀಲ ಹಾಸಿಕೊಂಡದ್ದನ್ನು ಅವನು ನೋಡಿದ. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

“ಒಂದು ಮಾತು ಹೇಳ್ತೀನಿ. ನಗಬಾರದು.”

ನಗುವುದಿಲ್ಲ ಎಂದ. ಅವಳು ಹೊರಗಿನ ಹೊಲ ನೋಡುತ್ತಾ ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ, ಅವಳ ಕೈ ಹಿಡಿದುಕೊಂಡ, ಇಷ್ಟು ದಿನ ಒಬ್ಬಳೇ ಅನುಭವಿಸಿದೆಯಲ್ಲ ಎಂದ, ಸೋಮವಾರವೇ ಡಾಕ್ಟರರ ಹತ್ತಿರ ಹೋಗೋಣ ಎಂದ. ಅವನ ಕಣ್ಣು ಒದ್ದೆಯಾಗಿತ್ತು, ಅದು ಸುಳ್ಳಲ್ಲ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಗಾಡಿ ಮತ್ತೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವನು ಮೆಲ್ಲಗೆ ಕೇಳಿದ.

“ಯಾವ ಜೋಕಿಗೆ ಆಯ್ತು?”

ನಗಬಾರದು ಎಂದಷ್ಟೇ ತಾನು ಕೇಳಿದ್ದು, ಹೇಳಬಾರದು ಎಂದು ಕೇಳಲಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಇದನ್ನು ಯಾರಿಗೂ ಹೇಳಬಾರದು ಎಂದಳು. ಛೆ, ಇದನ್ನೆಲ್ಲ ಹೇಳುತ್ತೇನಾ ಎಂದು ಅವನು ಆಣೆ ಮಾಡಿದ. ಆಮೇಲೆ ಎರಡು ಕಣ್ಣನ್ನೂ ರಸ್ತೆಯ ಮೇಲಿಟ್ಟು, ದನಿಯಿಲ್ಲದೆ ತುಟಿ ಅಲುಗಿಸತೊಡಗಿದ. ಹೊಸ ಜೋಕು ಕಟ್ಟುವಾಗಿನ ಆ ತುಟಿಯಾಟ ಅವಳಿಗೆ ಗೊತ್ತಿತ್ತು.

“ಅಲ್ಲ, ನಿನ್ನದು ಅನ್ನದೆ... ಬೇರೆ ಯಾರದೋ ಹೆಂಡತಿ ಅಂತ ಹೇಳಿದ್ರೆ?”

“ಬೇರೆಯವ್ರ ಹೆಂಡತಿ ಸೀರೆ ಒದ್ದೆಯಾದ್ದು ನಿಮಗೆ ಹೇಗೆ ಗೊತ್ತಾಯ್ತು ಅಂತ ಮೊದಲು ಅವಳ ಗಂಡನಿಗೆ ಉತ್ತರ ಹೇಳಿ.”

ಅವನು ಸ್ಟೇರಿಂಗಿಗೆ ತಲೆ ಕುಟ್ಟಿಕೊಳ್ಳುವಂತೆ ನಕ್ಕ. ತನ್ನ ಈ ಮಾತನ್ನೂ ಅವನು ವೇದಿಕೆ ಹತ್ತಿಸದೆ ಬಿಡುವುದಿಲ್ಲ ಎಂದು ಅವಳಿಗೆ ತಿಳಿಯಿತು. ಆದರೂ ಅವನ ನಗು ನೋಡಿ ಅವಳಿಗೂ ನಗು ಬಂತು. ಗಾಡಿ ಕುಲುಕುತ್ತಿತ್ತು. ಅವಳು ಮೊಣಕಾಲು ಬಿಗಿದು, ಕಿಟಕಿಯ ಕಂಬಿ ಹಿಡಿದು, ಹಲ್ಲು ಕಚ್ಚಿ ಅದನ್ನು ತಡೆದಳು.