ಸೆಂಟ್ರಿಂಗ್ ಬಿಚ್ಚುವ ದಿನ

ಗಟ್ಟಿಯಾದ ಕಾಂಕ್ರೀಟ್ ಕ್ಯೂಬು ಮುರಿಯುವಾಗ ಢಬ್ ಎಂದು ಸಿಡಿಯುತ್ತದೆ. ಎಷ್ಟು ವರ್ಷವಾದರೂ ಆ ಸದ್ದಿಗೆ ನನ್ನ ಹೆಗಲು ಒಮ್ಮೆ ಎಗರುತ್ತದೆ. ಅವತ್ತು ಬೆಳಿಗ್ಗೆ ಸದ್ದೇ ಬರಲಿಲ್ಲ. ಯಂತ್ರದ ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟಿದ್ದ ಕಾಂಕ್ರೀಟಿನ ತುಂಡು ಸುಮ್ಮನೆ ಪಕ್ಕಕ್ಕೆ ಉದುರಿಕೊಂಡಿತು. ಮುಳ್ಳು ಹದಿನೇಳು ಟನ್ನಿನಲ್ಲಿ ನಿಂತಿತ್ತು. ನಲವತ್ತರ ಹತ್ತಿರ ಹೋಗಬೇಕಿತ್ತು.

ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಹೀಗೆ ಕ್ಯೂಬು ಮುರಿದು ತಾಕತ್ತು ನೋಡುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ನಡುವೆ ಸಂಜೆ ಕಾಲೇಜಿಗೆ ಹೋಗಿ ಡಿಪ್ಲೊಮಾ ಮಾಡಿಕೊಂಡೆ. ಆದರೂ ಏನಾದರೂ ತಪ್ಪು ಕಂಡರೆ ಮೊದಲ ಅನುಮಾನ ನನ್ನ ಮೇಲೆಯೇ. ತಟ್ಟೆ ಒರೆಸಿದ್ದೆನೇ? ಕ್ಯೂಬನ್ನು ನಡುವೆಯೇ ಇಟ್ಟಿದ್ದೆನೇ? ಎರಡನೆಯದನ್ನು ಒರೆಸಿ, ಅಳೆದು, ಉಸಿರು ಹಿಡಿದು ಇಟ್ಟೆ. ಹದಿನಾರೂವರೆ. ಮೂರನೆಯದು ಹದಿನೆಂಟು.

ಮೂರೂ ನಮ್ಮಣ್ಣನ ಮನೆಯವು. ಅಣ್ಣ ಗಾರೆ ಮೇಸ್ತ್ರಿ. ತನ್ನ ಮನೆಗೆ ಒಂದು ದೊಡ್ಡ ಕೋಣೆ ಸೇರಿಸಿ, ಕಂಬ ಹಲಗೆಗಳ ಸೆಂಟ್ರಿಂಗ್ ಮೇಲೆ ನಮ್ಮ ಕಾರ್ಖಾನೆಯ ಹೊಸ ಸಿಮೆಂಟಿನಲ್ಲಿ ತಾರಸಿಯ ಮೋಲ್ಡ್ ಹಾಕಿದ್ದ. ನನ್ನ ಮಾತು ನಂಬಿ ಹಾಕಿದ್ದ.

ಸುಣ್ಣದ ಕಲ್ಲು ಸುಡುವಾಗ ಕಲ್ಲಿನೊಳಗಿಂದಲೇ ಇಂಗಾಲದ ಅನಿಲ ಹೊರಗೆ ಬರುತ್ತದೆ. ಅದನ್ನು ತಗ್ಗಿಸಲೆಂದೇ ಹೊಸ ಚೀಲದಲ್ಲಿ ಸುಟ್ಟ ಕಲ್ಲನ್ನು ಅರ್ಧಕ್ಕಿಳಿಸಿ, ಸುಟ್ಟ ಜೇಡಿಮಣ್ಣಿನ ಪುಡಿ ಬೆರೆಸುತ್ತೇವೆ. ಈವರೆಗೆ ಎಷ್ಟು ಟನ್ ಇಂಗಾಲ ತಡೆದೆವು ಎಂದು ಗೇಟಿನಲ್ಲೊಂದು ಬೋರ್ಡು ತೋರಿಸುತ್ತದೆ. ಅಂಕಿ ದಿನಾ ಏರುತ್ತದೆ. ಒಳಗೆ ಬರುವಾಗ ಅದನ್ನು ನೋಡಿ ನನಗೂ ಹೆಮ್ಮೆಯಾಗುತ್ತಿತ್ತು. ಆ ಅಂಕಿ ಸುಳ್ಳಲ್ಲ. ಸಿಮೆಂಟೂ ಕೆಟ್ಟದ್ದಲ್ಲ. ಗಟ್ಟಿಯಾಗುವುದು ನಿಧಾನ, ಅಷ್ಟೆ. ಚಳಿಯಲ್ಲಿ ಇನ್ನೂ ನಿಧಾನ.

ಲ್ಯಾಬಿನ ಕ್ಯೂಬುಗಳಿಗೆ ಚಳಿಯೆಂದರೆ ಏನೆಂದು ಗೊತ್ತಿಲ್ಲ. ತೊಟ್ಟಿಯ ಬೆಚ್ಚನೆ ನೀರಿನಲ್ಲಿ ಬಾಣಂತಿಯರ ಹಾಗೆ ಮಲಗಿರುತ್ತವೆ. ಅವು ಕೊಟ್ಟ ಅಂಕಿ ನಂಬಿ ಚೀಲದ ಮೇಲಿನ ಸಾಲನ್ನು ನಾನೇ ಬರೆದಿದ್ದೆ: 'ಹದಿನಾಲ್ಕು ದಿನಕ್ಕೆ ಸೆಂಟ್ರಿಂಗ್ ಬಿಚ್ಚಬಹುದು.' ಚಳಿಯಿದ್ದರೆ ಇನ್ನಷ್ಟು ದಿನ ಬಿಡಿ ಎಂದು ಇನ್ನೊಂದು ಸಾಲೂ ಬರೆದಿದ್ದೆ. ಉದ್ದವಾಯಿತು, ಓದುವವರಿಗೆ ಗೊಂದಲವಾದೀತು ಎಂದು ನಾನೇ ಹೊಡೆದುಹಾಕಿದೆ. ಯಾರೂ ಹೊಡೆದುಹಾಕು ಅಂದಿರಲಿಲ್ಲ. ಆಮೇಲೆ ಮನಸ್ಸು ತಡೆಯದೆ, ಮೂರು ಕ್ಯೂಬು ಮಾಡಿ ಮೋಲ್ಡಿನ ಪಕ್ಕ ಬಯಲಲ್ಲೇ ಇಡು ಎಂದು ಅಣ್ಣನಿಗೆ ಹೇಳಿದ್ದೆ. ಎರಡು ವಾರದಿಂದ ಬೆಳಿಗ್ಗೆ ಬಾಯಿ ತೆರೆದರೆ ಹೊಗೆಯಾಡುವಂಥ ಚಳಿ.

ಮೋಲ್ಡ್ ಹಾಕಿ ಅವತ್ತಿಗೆ ಸರಿಯಾಗಿ ಹದಿನಾಲ್ಕು ದಿನ.

"ಮೇಡಂ, ಮೂರೂ ಬಿದ್ದೋದ್ವು," ಎಂದೆ ಲ್ಯಾಬಿನ ಮುಖ್ಯಸ್ಥೆಗೆ.

ಹೊರಗಿಂದ ಬರುವ ಅತಿಥಿಗಳಿಗೆ ತೋರಿಸಲು ಅವರು ಒಳ್ಳೆಯ ಕ್ಯೂಬುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. "ಮನೇಲಿ ಮಾಡಿದ್ದು ತಾನೆ? ನಿಮ್ಮಣ್ಣ ಬಿಂದಿಗೆಗಟ್ಟಲೆ ನೀರು ಸುರಿದಿರ್ತಾರೆ ಬಿಡಿ. ನಾಳೆ ಕೂತು ನೋಡೋಣ. ಹನ್ನೆರಡಕ್ಕೆ ಜನ ಬರ್ತಿದಾರೆ, ಆ ಮುಖ ಇಟ್ಕೊಂಡು ಎದುರಿಗೆ ಓಡಾಡ್ಬೇಡಿ."

"ನನ್ನ ಮುಖ ಇರೋದೇ ಹೀಗೆ ಮೇಡಂ."

ಅವರು ನಕ್ಕರು. ನಾನು ಹೊರಗೆ ಬಂದು ಅಣ್ಣನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅತ್ತಿಗೆ ಎತ್ತಿದರು. ಹಿಂದೆ ಸುತ್ತಿಗೆಯ ಸದ್ದು.

"ಬಾರೇ, ಸೆಂಟ್ರಿಂಗ್ ಬಿಚ್ತಿದಾರೆ. ಎಷ್ಟು ಬೆಳಕು ಬಂತು ಗೊತ್ತಾ ಕೋಣೆಗೆ! ಕೆಳಗೆ ಗುಡಿಸ್ತಾ ಇದೀನಿ."

"ಅತ್ತಿಗೆ, ಮೊದ್ಲು ಈಚೆಗೆ ಬನ್ನಿ. ಅಣ್ಣಂಗೆ ನಿಲ್ಸು ಅಂತ ಹೇಳಿ."

"ಏನು? ಈ ಗಲಾಟೇಲಿ ಏನೂ ಕೇಳಿಸ್ತಿಲ್ಲ ಕಣೇ. ಬಾ ನೀನು."

ರಜೆ ಕೇಳದೆ ಹೊರಟೆ. ಬಸ್ಸಿನಲ್ಲಿ ಕೂರಲಾಗಲಿಲ್ಲ, ಕಂಬ ಹಿಡಿದು ನಿಂತೆ. ಯಂತ್ರದ ಮುಳ್ಳೇ ಕೆಟ್ಟಿದ್ದರೆ? ಊರೆಲ್ಲ ಹೆದರಿಸಿ, ಕಾರ್ಖಾನೆಯ ಹೆಸರು ಕೆಡಿಸಿ, ಕೊನೆಗೆ ತಪ್ಪು ನನ್ನದೇ ಎಂದಾದರೆ? ಹಾಗೇ ಆಗಲಿ, ಮುಳ್ಳೇ ಕೆಟ್ಟಿರಲಿ ಎಂದು ಬೇಡಿಕೊಂಡೆ. ಕಣ್ಣು ಮುಚ್ಚಿದರೆ ಪೊರಕೆ ಹಿಡಿದು ಬಗ್ಗಿದ ಅತ್ತಿಗೆಯ ಬೆನ್ನು ಕಾಣುತ್ತಿತ್ತು. ಬೀದಿಯ ತಿರುವಿನಲ್ಲಿ ಇಳಿದಾಗ ಮೊದಲು ನೋಡಿದ್ದು, ಧೂಳು ಎದ್ದಿದೆಯೇ ಎಂದು. ಎದ್ದಿರಲಿಲ್ಲ.

ಕೋಣೆಯ ನಡುವಿನ ಎರಡು ಸಾಲು ಕಂಬ ಆಗಲೇ ತೆಗೆದಿದ್ದರು. ಗೋಡೆಯ ಪಕ್ಕದ ಸಾಲುಗಳಷ್ಟೇ ಉಳಿದಿದ್ದವು. ಅಣ್ಣ ಮೂರನೇ ಸಾಲಿನ ಬೆಣೆಗೆ ಸುತ್ತಿಗೆ ಎತ್ತಿದ್ದ. ಇಬ್ಬರು ಆಳುಗಳು ಹಲಗೆ ಹೊರುತ್ತಿದ್ದರು. ಅತ್ತಿಗೆ ನಟ್ಟ ನಡುವೆ.

"ಎಲ್ಲಾರೂ ಹೊರಗೆ ಬನ್ನಿ!" ಎಂದು ಕಿರುಚಿದೆ. ಅಷ್ಟು ಜೋರು ದನಿ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. ಆಳುಗಳು ಹಲಗೆ ಬಿಟ್ಟು ಓಡಿದರು. ಅತ್ತಿಗೆ ಪೊರಕೆಯೊಂದಿಗೇ ಬಂದರು. ಅಣ್ಣ ಅಲ್ಲಾಡಲಿಲ್ಲ.

"ಏನಮ್ಮಾ ಸಂಜೆ ಕಾಲೇಜು ಇಂಜಿನಿಯರ್ರು, ಬಸ್ಸಲ್ಲಿ ದೆವ್ವ ಕಂಡ್ಯಾ?"

"ಕ್ಯೂಬು ಮುರಿದೆ ಕಣಣ್ಣ. ಅರ್ಧ ತಾಕತ್ತೂ ಬಂದಿಲ್ಲ. ಸುತ್ತಿಗೆ ಕೆಳಗಿಡು."

"ಹದಿನಾಲ್ಕು ದಿನ ಅಂತ ಚೀಲದ ಮೇಲೆ ಅಚ್ಚು ಹಾಕಿಸಿದ್ದು ನೀನು. ನಾನು ಏಳೇ ದಿನಕ್ಕೆ ಬಿಚ್ಚೋನು, ನಿನ್ನ ಮಾತಿಗೆ ಇನ್ನೊಂದು ವಾರ ಕಾದೆ. ಮೂವತ್ತು ವರ್ಷದಲ್ಲಿ ನಂದು ಒಂದು ಮೋಲ್ಡ್ ಬಿದ್ದಿಲ್ಲ."

"ಅದು ಹಳೇ ಸಿಮೆಂಟು. ಇದು ಚಳಿಗೆ ನಿಧಾನ. ನಾನು ಬರೆದಿದ್ದು ತಪ್ಪು."

"ನೀನು ಹುಟ್ಟಿದಾಗಿಂದ ಎಲ್ಲಾ ತಪ್ಪು ತಪ್ಪು ಅಂತಾನೇ ಬೆಳೆದೋಳು. ಬೀಗ ಹಾಕಿದೀನೋ ಇಲ್ವೋ ಅಂತ ಅರ್ಧ ದಾರಿಯಿಂದ ವಾಪಸ್ ಬರೋಳು." ಮತ್ತೆ ಸುತ್ತಿಗೆ ಎತ್ತಿದ.

ನಿಜ. ನಾನು ಅಂಥವಳೇ. ಮಾತಿನಲ್ಲಿ ಅವನನ್ನು ಗೆಲ್ಲುವುದು ನನ್ನಿಂದಾಗದು. ಒಳಗೆ ಹೋಗಿ, ಅವನು ಹೊಡೆಯಲಿದ್ದ ಕಂಬವನ್ನೇ ತಬ್ಬಿಕೊಂಡು ನಿಂತೆ. ತಲೆಯ ಮೇಲೆ ಇಷ್ಟು ತೂಕ ಇದೆ ಎಂದು ಚರ್ಮಕ್ಕೇ ಗೊತ್ತಾಗುತ್ತಿತ್ತು.

"ನನ್ನ ನಂಬಬೇಡ. ನಿನ್ನ ದಾರ ನಂಬು. ಕಟ್ಟಿ ನೋಡು," ಎಂದೆ.

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಗೊಣಗುತ್ತಾ ದಾರದ ಉಂಡೆ ತೆಗೆದ. ಸೆಂಟ್ರಿಂಗ್ ಹೊಡೆಯುವ ಮೊದಲೇ ಗೋಡೆಗಳ ಮೇಲೆ ಅವನು ನೀರಿನ ಮಟ್ಟದ ಗೆರೆ ಹಾಕಿಕೊಳ್ಳುತ್ತಾನೆ. ಒಂದು ಗೆರೆಯಿಂದ ಎದುರು ಗೆರೆಗೆ ದಾರ ಎಳೆದೆವು. ಒಂದು ತುದಿ ಗೋಡೆಯ ಮೊಳೆಗೆ, ಇನ್ನೊಂದು ನನ್ನ ಕೈಯಲ್ಲಿ. ನಡುವೆ ನಿಂತು ಅವನು ದಾರದಿಂದ ಮೇಲಕ್ಕೆ ಟೇಪು ಚಾಚಿದ.

"ಐದಡಿ ಮೇಲೆ ಅರ್ಧ ಇಂಚು ಇಟ್ಟಿದ್ದೆ ನಡುವೆ. ನಂಗೆ ಚೆನ್ನಾಗಿ ಗ್ಯಾಪಕ ಇದೆ," ಎಂದ. ಟೇಪು ನೋಡಿದ. ಒರೆಸಿ ಮತ್ತೆ ನೋಡಿದ.

"ಎಷ್ಟು?" ಎಂದೆ.

ಮೇಲಿನಿಂದ ಸಣ್ಣ ಮರಳು ಅವನ ಕೈಮೇಲೆ ಉದುರಿತು.

"ಐದಡಿಗೆ ಅರ್ಧ ಇಂಚು ಕಮ್ಮಿ. ಒಂದಿಂಚು ಇಳಿದಿದೆ," ಎಂದ ಬಹಳ ಮೆಲ್ಲಗೆ, ಜೋರಾಗಿ ಹೇಳಿದರೆ ಮೇಲಿನದಕ್ಕೆ ಕೇಳಿಸುತ್ತದೆ ಎನ್ನುವ ಹಾಗೆ. "ನೀನು ಹೋಗು ಹೊರಗೆ."

"ತೆಗೆದ ಕಂಬ ಮತ್ತೆ ಒಬ್ಬನೇ ಹೇಗೆ ನಿಲ್ಲಿಸ್ತೀಯ?"

"ಹೋಗೇ ಅಂದ್ರೆ!"

ಹೋಗಲಿಲ್ಲ. ಆಳುಗಳನ್ನು ಅವನು ಕರೆಯಲಿಲ್ಲ, ಅವರೂ ಬರುತ್ತೇವೆ ಅನ್ನಲಿಲ್ಲ. ಅತ್ತಿಗೆ ಬಾಗಿಲಿನಿಂದ ಒಂದೊಂದೇ ಕಂಬ ದೂಡಿದರು. ನಾನು ಹಿಡಿದೆ, ಅವನು ಬೆಣೆ ಕೊಟ್ಟ. ಸುತ್ತಿಗೆ ಬೀಸಲು ಧೈರ್ಯವಿಲ್ಲದೆ, ಬೆಣೆಯನ್ನು ಕಲ್ಲಿನಿಂದ ತಟ್ಟಿ ತಟ್ಟಿ ಕೂರಿಸಿದ. ನಾಲ್ಕನೇ ಕಂಬಕ್ಕೆ ಮೇಲೆ ಎಲ್ಲೋ ಟಿಕ್ ಎಂದಿತು. ಇಬ್ಬರೂ ಕಲ್ಲಾದೆವು. ಅವನ ಕಿವಿಯ ಹಿಂದಿನಿಂದ ಬೆವರು ಇಳಿಯುವುದು ಕಾಣುತ್ತಿತ್ತು. ಮತ್ತೆ ಸದ್ದು ಬರಲಿಲ್ಲ. ಎಂಟು ಕಂಬ ನಿಲ್ಲಿಸುವಷ್ಟರಲ್ಲಿ ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ.

ಹೊರಗೆ ಬಂದಾಗ ಅತ್ತಿಗೆ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಅಣ್ಣ ಒಂದು ಚೊಂಬು ನೀರು ಗಟಗಟ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡ.

"ಇನ್ನೆಷ್ಟು ದಿನ ಬಿಡ್ಬೇಕು?"

"ಒಂದು ತಿಂಗಳು. ನಾನೇ ಬಂದು ನೋಡೋ ತನಕ ಮುಟ್ಬೇಡ."

"ಸರಿ." ಮುಖ ಒರೆಸಿಕೊಳ್ಳುತ್ತಾ ಕೇಳಿದ, "ಈ ಚೀಲ ಇನ್ನೂ ಯಾರ್ಯಾರು ತಗೊಂಡಿದಾರೆ?"

ಮೊದಲ ಸಲ ಮಾರಿದ ಮನೆಗಳ ಪಟ್ಟಿ ನನ್ನ ಬ್ಯಾಗಿನಲ್ಲೇ ಇತ್ತು. ಮೋಲ್ಡ್ ಹಾಕಿದ ದಿನ ಕೇಳಿ ಬರೆದುಕೊಂಡವಳೂ ನಾನೇ. ತೆಗೆದು ಓದಿದೆ. ಇಪ್ಪತ್ತಾರು ಮನೆ. ಇವತ್ತಿಗೆ ಮುಂಚೆ ಯಾವುದಕ್ಕೂ ದಿನ ತುಂಬಿಲ್ಲ. ನಾಳೆ ಮೂರು ಮನೆಗೆ ಹದಿನಾಲ್ಕು ದಿನ ತುಂಬುತ್ತದೆ. ಮೇಡಂ ಕೂತು ನೋಡೋಣ ಅಂದದ್ದೂ ನಾಳೆಯೇ.

"ಇವತ್ತು?" ಎಂದ ಅಣ್ಣ.

"ಒಂದು. ನೀರಿನ ಟ್ಯಾಂಕಿನ ಹಿಂದೆ. ಮೇಲೆ ಎರಡನೇ ಅಂತಸ್ತು ಕಟ್ತಿದಾರೆ."

ಆ ಮನೆಯವರಿಗೆ ಫೋನು ಮಾಡಿದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಅಣ್ಣ ಒದ್ದೆ ತಲೆಯಲ್ಲೇ ಬೈಕು ಶುರು ಮಾಡಿ, ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟು, "ಹಿಂದೆ ಕೂರು. ಗಟ್ಟಿಯಾಗಿ ಹಿಡ್ಕೊ," ಎಂದ.