ಹಾಲಿನ ಬುಟ್ಟಿಯ ಮೋಟಾರು

ರೇಡಿಯೋ ಮೇಷ್ಟರ ಮನೆ ಮೂರನೇ ಮಹಡಿಯಲ್ಲಿ. ಐವತ್ತೆರಡು ಮೆಟ್ಟಿಲು. ಎರಡು ವರ್ಷದ ಹಿಂದೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರು ಆ ಮೆಟ್ಟಿಲು ಇಳಿದದ್ದೇ ಇಲ್ಲ. ಮದುವೆಯಾಗದ ಒಂಟಿ ಜೀವ. ತಮ್ಮ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ್ದೇ ತಡ, ಹುಡುಕಿಕೊಂಡು ಬರುವವರೂ ನಿಂತರು. ದಿನಸಿಯವನು ವಾರಕ್ಕೊಮ್ಮೆ ಬಾಗಿಲಲ್ಲಿ ಚೀಲವಿಟ್ಟು ಓಡುತ್ತಾನೆ. ಇನ್ನು ಮನುಷ್ಯರ ಮಾತು ಅಂತ ಕಿವಿಗೆ ಬೀಳುವುದು ದಿನಕ್ಕೊಂದೇ ಸಲ, ಬೆಳಗ್ಗೆ ಏಳಕ್ಕೆ ಹಾಲಿನವಳು ಬಂದಾಗ. ಹಾಲು ಅಳೆದುಕೊಟ್ಟು ಗೋಡೆಗೊರಗಿ ಕೂತು, ಏದುಸಿರು ಇಳಿಯುವವರೆಗೆ ಅವಳು ಬೀದಿಯ ಸಮಾಚಾರವನ್ನೆಲ್ಲ ಹೇಳುತ್ತಾಳೆ. ಅಷ್ಟನ್ನೇ ಮೇಷ್ಟರು ಮರುದಿನದವರೆಗೆ ಮೆಲುಕು ಹಾಕುತ್ತಾರೆ.

ಒಂದು ದಿನ ಅವಳೇ ಛೇಡಿಸಿದಳು. “ಅಣ್ಣಾ, ಊರಿನ ಮೂಗ ರೇಡಿಯೋಗಳಿಗೆಲ್ಲ ಬಾಯಿ ಬರಿಸಿದೋರು ನೀವು. ಒಂದು ಚೊಂಬು ಹಾಲು ಮೇಲಕ್ಕೆ ಎಳ್ಕೊಳ್ಳೋಕೆ ಒಂದು ಯಂತ್ರ ಮಾಡಕ್ಕಾಗಲ್ವಾ? ನನ್ನ ಮಂಡಿ ನಿಮಗೆ ದಿನಾ ಶಾಪ ಹಾಕ್ತಿದೆ.”

“ಅದೇನು ಮಹಾ, ತಾಯಿ. ನಾಲ್ಕು ದಿನ ಕೊಡು.”

ಮಾತು ಕೊಟ್ಟಾಗಿತ್ತು. ಮುರಿದ ಆಟಿಕೆಯೊಂದರ ಪುಟ್ಟ ಮೋಟಾರಿಗೆ ಹಲ್ಲುಚಕ್ರಗಳ ಸಾಲು ಜೋಡಿಸಿ, ಕಿಟಕಿಯಾಚೆ ರಾಟೆ ಕಟ್ಟಿ, ಹಗ್ಗಕ್ಕೆ ಬುಟ್ಟಿ ಬಿಗಿದರು. ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ಬುಟ್ಟಿ ಇಳಿಯಬೇಕು, ಇನ್ನೊಂದು ದಿಕ್ಕಿಗೆ ತಿರುಗಿದರೆ ಏರಬೇಕು. ಅದಕ್ಕೆ ಕರೆಂಟನ್ನು ಬಿಡುವ, ತಡೆಯುವ ನಾಲ್ಕು ಟ್ರಾನ್ಸಿಸ್ಟರು ಬೇಕು, ಮನೆಯೊಂದರ ನಾಲ್ಕು ಬಾಗಿಲಿದ್ದಂತೆ. ಮೇಲೆರಡು, ಕೆಳಗೆರಡು, ನಟ್ಟನಡುವೆ ಮೋಟಾರು. ಎಡಗಡೆ ಮೇಲಿನದೂ ಬಲಗಡೆ ಕೆಳಗಿನದೂ ತೆರೆದರೆ ಕರೆಂಟು ಈ ಕಡೆಯಿಂದ ಹಾಯುತ್ತದೆ. ಉಳಿದೆರಡು ತೆರೆದರೆ ಆ ಕಡೆಯಿಂದ. ಒಂದೊಂದು ಜೋಡಿಗೆ ಒಂದೊಂದು ಗುಂಡಿ.

ಮೊದಲ ಸಲ ಬುಟ್ಟಿ ಚೆನ್ನಾಗಿಯೇ ಇಳಿಯಿತು. ಮೇಷ್ಟರ ಹೆಬ್ಬೆರಳು ಆ ಗುಂಡಿಯನ್ನು ಬಿಡುವ ಮೊದಲೇ ತೋರುಬೆರಳು ಇನ್ನೊಂದನ್ನು ಒತ್ತಿಬಿಟ್ಟಿತು. ನಾಲ್ಕು ಬಾಗಿಲೂ ಒಟ್ಟಿಗೆ ತೆರೆದು, ಕರೆಂಟು ಮೋಟಾರಿನ ಗೊಡವೆಗೇ ಹೋಗದೆ ನೇರ ಕೆಳಗೆ ಧುಮುಕಿತು. ಚಿಟ್ ಎಂದಿತು. ಸುಟ್ಟ ವಾಸನೆ ಕೋಣೆ ತುಂಬಿತು.

ಮರುದಿನ ಹಾಲಿನವಳು ಮೂಗರಳಿಸಿದಳು. “ಏನಣ್ಣಾ, ಅಡುಗೆ ಸೀದೋಯ್ತಾ?”

“ನಿನ್ನ ಯಂತ್ರ ಸೀದೋಯ್ತು.”

ಅವಳು ಬಿದ್ದು ಬಿದ್ದು ನಕ್ಕಳು. ಆ ಕೋಣೆಯಲ್ಲಿ ಯಾರೂ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಮದ್ದು ಏನೆಂದು ಮೇಷ್ಟರಿಗೆ ಅಂದು ಮಧ್ಯಾಹ್ನವೇ ಹೊಳೆದಿತ್ತು. ಸುಟ್ಟವನ್ನು ಬದಲಿಸಿ ಇನ್ನೆರಡು ಸಣ್ಣ ಟ್ರಾನ್ಸಿಸ್ಟರು ಸೇರಿಸಿದರಾಯಿತು, ಒಂದು ಗುಂಡಿ ಒತ್ತಿದಾಗ ಇನ್ನೊಂದರ ಬಾಗಿಲುಗಳನ್ನು ಅವು ಮುಚ್ಚಿ ಹಿಡಿಯುತ್ತವೆ. ಅರ್ಧ ದಿನದ ಕೆಲಸ. ಆದರೆ ಕಾವೇರಿದ ಬೆಸುಗೆ ಕಡ್ಡಿಯನ್ನು ಅವರು ಮೆಲ್ಲನೆ ಕೆಳಗಿಟ್ಟರು. ಬುಟ್ಟಿ ಏರಿದ ದಿನ ಅವಳು ಏರುವುದಿಲ್ಲವಲ್ಲ!

“ಆಯ್ತಾ ಅಣ್ಣಾ?” ಎಂದು ಅವಳು ದಿನವೂ ಕೇಳುವಳು. “ಮತ್ತೆ ಸುಟ್ಟೋಯ್ತಮ್ಮಾ” ಎಂದು ಇವರು ದಿನವೂ ಹೇಳುವರು. ಸುಟ್ಟದ್ದು ಒಂದೇ ಸಲ. ದೀಪದ ಮುಂದೆ ಕಣ್ಮುಚ್ಚಿ ನಿಂತಾಗ ಆ ಸುಳ್ಳು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಟಕಟ ಎನ್ನುತ್ತಿತ್ತು. ಆದರೂ ಹದಿನೆಂಟು ದಿನ ಕಳೆದವು.

ಹತ್ತೊಂಬತ್ತನೆಯ ಬೆಳಗ್ಗೆ ಮೆಟ್ಟಿಲಿನ ಹೆಜ್ಜೆ ಸದ್ದು ಎರಡನೇ ಮಹಡಿಯಲ್ಲಿ ನಿಂತಿತು. ಕ್ಯಾನು ನೆಲಕ್ಕೆ ಕುಕ್ಕಿದ್ದು ಕೇಳಿಸಿತು. ಆಮೇಲೆ, ಯಾರಿಗೂ ಕೇಳಿಸದೆಂದು ಬಿಟ್ಟ ಒಂದು ನರಳಿಕೆ, “ಅಯ್ಯೋ ದೇವರೇ, ನನ್ನ ಕೈಲಾಗಲ್ಲಪ್ಪ.” ಮೇಷ್ಟರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬಹಳ ಹೊತ್ತಿನ ಮೇಲೆ ಅವಳು ಮುಖದ ತುಂಬ ನಗು ಹೊತ್ತು ಮೇಲೆ ಬಂದಳು.

“ಯಾಕಮ್ಮಾ ತಡ?”

“ಮೆಟ್ಟಿಲುಗಳಿಗೆ ವಯಸ್ಸಾಯ್ತಣ್ಣಾ, ಮೊದಲಿನ ಹಾಗೆ ಬೇಗ ಮೇಲಕ್ಕೆ ಕರ್ಕೊಂಡು ಬರಲ್ಲ.”

ಅವಳು ಇಳಿದುಹೋದ ಸದ್ದು ಅಡಗುವ ಮೊದಲೇ ಮೇಷ್ಟರು ಬೆಸುಗೆ ಕಡ್ಡಿಯನ್ನು ಕಾಯಲಿಟ್ಟರು. ಮಧ್ಯಾಹ್ನದೊಳಗೆ ಮುಗಿಯಿತು. ಬೇಕೆಂದೇ ಎರಡೂ ಗುಂಡಿ ಒಟ್ಟಿಗೆ ಒತ್ತಿ ನೋಡಿದರು. ಏನೂ ಸುಡಲಿಲ್ಲ.

ಮರುದಿನ ಬೆಳಗ್ಗೆ ಕಿಟಕಿಯಿಂದ ಕೂಗಿ ಅವಳನ್ನು ಕೆಳಗೇ ನಿಲ್ಲಿಸಿದರು. ಬುಟ್ಟಿ ಗುಂಯ್‌ಗುಟ್ಟುತ್ತ ಇಳಿಯಿತು. ಅದರಲ್ಲಿದ್ದ ಚೊಂಬಿಗೆ ಅವಳು ಹಾಲು ಅಳೆದು ಸುರಿದಳು. ಮೂರು ಮಹಡಿ ಕೆಳಗೆ, ಅವಳು ಅಂಗೈಯಷ್ಟೇ ಕಾಣುತ್ತಿದ್ದಳು.

“ತಾಯಿ, ಇದನ್ನ ಎಂದೋ ಮುಗಿಸಬಹುದಿತ್ತು. ನಾನೇ ಬೇಕಂತ…” ಎಂದರು ಮೇಷ್ಟರು.

“ಏನಂದ್ರಿ? ಗಾಡಿ ಸದ್ದಲ್ಲಿ ಕೇಳಿಸ್ತಿಲ್ಲ!”

ಮೇಷ್ಟರು ಇನ್ನೊಮ್ಮೆ ಬಾಯಿ ತೆರೆದರು. ಅಷ್ಟರಲ್ಲಿ ಅವಳು ತಲೆಯ ಮೇಲೆ ಎರಡೂ ಕೈ ಜೋಡಿಸಿದ್ದಳು. “ನಿಮ್ಮ ಹೊಟ್ಟೆ ತಣ್ಣಗಿರಲಿ ಅಣ್ಣಾ!” ಎಂದು ಕೂಗಿ ಕ್ಯಾನು ಎತ್ತಿಕೊಂಡಳು.

ಬುಟ್ಟಿ ನಿಧಾನಕ್ಕೆ ಏರಿತು. ಅದು ಕಿಟಕಿ ಮುಟ್ಟುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು. ಒಂದು ಹನಿಯೂ ಚೆಲ್ಲಿರಲಿಲ್ಲ. ಮೇಷ್ಟರು ಹಾಲು ಕಾಯಿಸಿದರು, ದೀಪ ಹಚ್ಚಿದರು, ಅವಳ ಮಂಡಿಗೆ ನೆಮ್ಮದಿ ಸಿಕ್ಕಿದ್ದಕ್ಕೆ ಕೈಮುಗಿದರು. ತಮಗಾಗಿ ಏನು ಬೇಡಿಕೊಳ್ಳಬೇಕೋ ತೋಚಲಿಲ್ಲ. ಏಳೂಕಾಲು ಗಂಟೆ ಅಷ್ಟೇ ಆಗಿತ್ತು.