ಕೊಂಡಿಗೆ ಮೂರು ಕೋಟು

ನನ್ನ ಸೋದರಮಾವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ: "ನಮ್ಮ ಹುಡುಗ ಸಮುದ್ರ ಕಾಯ್ತಾನೆ." ಸಮುದ್ರವನ್ನು ಯಾರು ಹೊತ್ತುಕೊಂಡು ಹೋಗುತ್ತಾರೋ ನಾನು ಕಾಣೆ. ನೌಕಾಪಡೆಯ ಐದು ವರ್ಷಗಳಲ್ಲಿ ನಾನು ಕಾದದ್ದು ಬಣ್ಣದ ಡಬ್ಬಿಗಳನ್ನು. ಯುದ್ಧವಿಲ್ಲ, ಶತ್ರುವಿಲ್ಲ. ಪರದೇಶದ ಬಂದರಿನಲ್ಲಿ ನಮ್ಮ ಹಡಗು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತಿತ್ತು. ಕಾಗದದಲ್ಲಿ ಅದಕ್ಕೆ 'ಸ್ನೇಹದ ಸಂಕೇತ' ಎಂದು ಹೆಸರು. ದಡದ ಅಂಗಡಿಯವರು ಮೊದಲ ತಿಂಗಳು ನಮಗೆ ಕೈಬೀಸಿದರು. ಆಮೇಲೆ ಈ ಕಡೆ ನೋಡುವುದನ್ನೂ ಬಿಟ್ಟರು.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಮ್ಮ ಪಡೆ ಹಡಗಿಗೆ ಬಣ್ಣ ಬಳಿಯುತ್ತಿತ್ತು. ಗೋಡೆಗೆ ಬಣ್ಣ, ಕಂಬಿಗೆ ಬಣ್ಣ, ಮೊನ್ನೆ ಬಳಿದ ಬಣ್ಣದ ಮೇಲೆ ಇವತ್ತಿನ ಬಣ್ಣ. ಇದನ್ನೆಲ್ಲ ಮಾಡಿಸುತ್ತಿದ್ದ ಮೇಲ್ವಿಚಾರಕನಿಗೆ ನಾವು ಸುಣ್ಣದ ಮೇಸ್ತ್ರಿ ಎಂದು ಹೆಸರಿಟ್ಟಿದ್ದೆವು. ಬಿಳಿ ಕೈಗವಸು ಹಾಕಿಕೊಂಡು ಬಂದು ಕಂಬಿಯ ಮೇಲೆ ಬೆರಳಾಡಿಸುತ್ತಿದ್ದ. ಬೆರಳಿಗೆ ಧೂಳು ಸಿಕ್ಕಿದರೆ ಅವನ ಮುಖದಲ್ಲಿ ಮಗು ಹುಟ್ಟಿದಷ್ಟು ಸಂತೋಷ.

ಇಡೀ ಹಡಗಿನಲ್ಲಿ ಅರ್ಥವಿರುವ ಕೆಲಸ ಮಾಡುತ್ತಿದ್ದವನು ಒಬ್ಬನೇ, ಎಂಜಿನ್ ಕೋಣೆಯ ಹಿರಿಯ. ಅವನನ್ನು ಎಲ್ಲರೂ ಗ್ರೀಸಣ್ಣ ಎನ್ನುತ್ತಿದ್ದರು. ಹಡಗಿನ ಪಕ್ಕಕ್ಕೆ ತೂಗುಹಾಕಿದ್ದ ರಕ್ಷಣಾ ದೋಣಿ ಅವನ ಜವಾಬ್ದಾರಿ. ಅದನ್ನು ಎರಡು ಕಬ್ಬಿಣದ ಕೊಂಡಿಗಳು ಹಿಡಿದಿದ್ದವು. ಹಿಡಿಕೆ ಎಳೆದರೆ ಕೊಂಡಿ ಬಿಚ್ಚಿ ದೋಣಿ ನೀರಿಗಿಳಿಯಬೇಕು. ವಾರಕ್ಕೊಮ್ಮೆ ಗ್ರೀಸಣ್ಣ ಕೊಂಡಿಗಳನ್ನು ಉಜ್ಜಿ ಗ್ರೀಸ್ ಮೆತ್ತುತ್ತಿದ್ದ. ಅಷ್ಟು ಬಿಳಿಯ ನಡುವೆ ಎರಡು ಕಪ್ಪು ಮುದ್ದೆಗಳು. ಮೇಸ್ತ್ರಿಗೆ ಅವನ್ನು ಕಂಡರೆ ಮೈಯೆಲ್ಲ ಉರಿ.

"ಏನಯ್ಯಾ ಇದು, ಕಾಗೆ ಕಕ್ಕ ಮಾಡಿದ ಹಾಗಿದೆ?"

"ಕೊಂಡಿಗೆ ಬಣ್ಣ ಬಿದ್ರೆ ಅದು ಕೊಂಡಿ ಅಲ್ಲ ಸಾರ್, ಬರೀ ಬೊಂಬೆ," ಎನ್ನುತ್ತಿದ್ದ ಗ್ರೀಸಣ್ಣ.

ನಾಲ್ಕನೆಯ ವರ್ಷ ಅಕ್ಕನ ಪತ್ರ ಬಂತು. ಅಪ್ಪ ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ನನ್ನನ್ನು ಓದಿಸಿದವಳು ಅವಳು. 'ಮದುವೆ ಗೊತ್ತಾಗಿದೆ. ನೀನು ಬರದಿದ್ದರೆ ನನಗೆ ಮದುವೆಯೇ ಬೇಡ' ಎಂದು ಬರೆದಿದ್ದಳು. ಗ್ರೀಸಣ್ಣನಿಗೂ ಅದನ್ನು ಓದಿ ಹೇಳಿದೆ. ಆಮೇಲೆ ರಜೆ ಕೇಳಿದೆ. ಮೇಸ್ತ್ರಿ ಅರ್ಜಿಯನ್ನು ಓದದೆಯೇ ಮಡಚಿ ಜೇಬಿಗಿಟ್ಟುಕೊಂಡ.

"ಮುಂದಿನ ವಾರ ದೊಡ್ಡ ಸಾಹೇಬರು ತಪಾಸಣೆಗೆ ಬರ್ತಾರೆ. ಆ ಕಪ್ಪು ಮುದ್ದೆ ನನ್ನ ಕಣ್ಣಿಗೆ ಬೀಳಬಾರ್ದು. ಬೀಳ್ಲಿಲ್ಲ ಅಂದ್ರೆ ಸಹಿ ಹಾಕಿಸ್ತೀನಿ."

ಅಂದಿನಿಂದ ತಪಾಸಣೆಯವರೆಗೂ ಗ್ರೀಸಣ್ಣ ಕೆಳಗೆ ಎಂಜಿನ್ ಬಿಚ್ಚಿಕೊಂಡು ಕೂತಿದ್ದ, ಮೇಲೆ ಬರಲೇ ಇಲ್ಲ. ನಾನು ಸೀಮೆಎಣ್ಣೆಯಲ್ಲಿ ಗ್ರೀಸ್ ಒರೆಸಿದೆ. ಸಂದಿಗೊಂದಿಯಲ್ಲೆಲ್ಲ ಬಿಳಿ ಬಣ್ಣ ತುಂಬಿದೆ. ಮೂರು ದಿನ, ಮೂರು ಕೋಟು. ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತಪಾಸಣೆ ಮುಗಿದ ಮರುದಿನವೇ ಕೆರೆದುಬಿಡುತ್ತೇನೆ ಎಂದುಕೊಂಡೆ. ಮೇಸ್ತ್ರಿ ಅಲ್ಲೇ ರಜೆಯ ಪತ್ರ ಕೊಟ್ಟ.

ದೊಡ್ಡ ಸಾಹೇಬರು ಬಂದರು. ಹೊಟ್ಟೆ ಮೊದಲು, ಪದಕಗಳು ಆಮೇಲೆ, ಕೊನೆಗೆ ಅವರು. ಕಂಬಿ ಮುಟ್ಟಿ ನೋಡಿದರು, ಕನ್ನಡಿಯ ಹಾಗಿದೆ ಎಂದರು. ಅಷ್ಟರಲ್ಲಿ ಗಾಳಿ ಬೀಸಿ ಅವರ ಟೋಪಿ ಹಾರಿ ನೀರಿಗೆ ಬಿತ್ತು. ನಮ್ಮ ಕ್ಯಾಪ್ಟನ್ ಮುಖ ಬಿಳಿಚಿಕೊಂಡಿತು. ಶತ್ರುವಿನ ಹಡಗು ಬಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

"ದೋಣಿ ಇಳಿಸಿ!" ಎಂದು ಕಿರುಚಿದ.

ನಾಲ್ವರು ಹಿಡಿಕೆ ಎಳೆದರು. ಕೊಂಡಿ ಅಲುಗಲಿಲ್ಲ. ಗದ್ದಲ ಕೇಳಿ ಗ್ರೀಸಣ್ಣ ಸುತ್ತಿಗೆ ಹಿಡಿದು ಮೇಲೆ ಓಡಿಬಂದ. ಕೊಂಡಿಯನ್ನು ನೋಡಿದ. ನನ್ನನ್ನು ನೋಡಿದ. ಕಂಬಿ ದಾಟಿ ಹೊರಕ್ಕೆ ಹತ್ತಿ ಕೊಂಡಿಗೆ ಹೊಡೆಯತೊಡಗಿದ. ಎರಡನೆಯ ಏಟಿಗೆ ಹೊಸ ಬಣ್ಣದ ನುಣುಪಿಗೆ ಕಾಲು ಜಾರಿತು. ಹಡಗಿನ ಅಂಚಿಗೆ ಸೊಂಟ ಬಡಿದು ಅವನು ನೀರಿಗೆ ಬಿದ್ದ.

ಈಗ ದೋಣಿ ನಿಜವಾಗಿಯೂ ಬೇಕಿತ್ತು. ಅದು ಹೊಳೆಯುತ್ತ ತೂಗಾಡುತ್ತಿತ್ತು. ಬಂದರಿನ ಕಸ ಎತ್ತುವವನು ತನ್ನ ಮುರುಕು ದೋಣಿಗೆ ಹುಟ್ಟು ಹಾಕುತ್ತ ಬಂದು, ಉದ್ದ ಕೋಲಿನಿಂದ ಮೊದಲು ಗ್ರೀಸಣ್ಣನನ್ನು ಎಳೆದುಕೊಂಡ, ಆಮೇಲೆ ಟೋಪಿಯನ್ನು. ಕ್ಯಾಪ್ಟನ್ ಎರಡೂ ಕೈ ಚಾಚಿ ಟೋಪಿ ಇಸಿದುಕೊಂಡ.

ಎರಡು ದಿನದ ನಂತರ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ವಿಚಾರಣೆ. ಕ್ಯಾಪ್ಟನ್ ಕುರ್ಚಿಯಲ್ಲಿ, ಮೇಸ್ತ್ರಿ ಕಾಗದ ಹಿಡಿದು, ನಾನು ಸಾಕ್ಷಿಯೆಂದು ಬಾಗಿಲ ಬಳಿ.

"ಕೊಂಡಿ ನಿನ್ನ ಜವಾಬ್ದಾರಿ ತಾನೇ? ಗ್ರೀಸ್ ಯಾಕೆ ಹಚ್ಚಿರ್ಲಿಲ್ಲ?"

ಮೇಸ್ತ್ರಿ ಕಿಟಕಿಯ ಕಡೆ ನೋಡಿದ. ಗ್ರೀಸಣ್ಣ ನನ್ನ ಕಡೆ ನೋಡಿದ. ರಜೆಯ ಪತ್ರ ನನ್ನ ಎದೆಯ ಜೇಬಿನಲ್ಲಿತ್ತು. ಬಾಯಿ ತೆರೆದರೆ ಅದು ಹರಿದುಹೋಗುತ್ತದೆಂದು ಮೇಸ್ತ್ರಿಗೂ, ಗ್ರೀಸಣ್ಣನಿಗೂ, ನನಗೂ ಗೊತ್ತಿತ್ತು. ನನ್ನ ಬಾಯಿಗೂ ಬಣ್ಣ ಮೆತ್ತಿದಂತಾಗಿತ್ತು.

"ಮರೆತೆ ಸಾರ್," ಎಂದ ಗ್ರೀಸಣ್ಣ.

ನಿವೃತ್ತಿಗೆ ಆರು ತಿಂಗಳಿರುವಾಗ ಅವನ ದರ್ಜೆ ಇಳಿಸಿದರು. ಮೂವತ್ತು ವರ್ಷದ ಸೇವೆಗೆ ಸಿಕ್ಕಿದ್ದು ಒಂದು ಊರುಗೋಲು. ಊರಿಗೆ ಹೊರಡುವ ಮುನ್ನ ನಾನು ಒಬ್ಬನೇ ಹೋಗಿ ಮಂಚದ ಬಳಿ ನಿಂತೆ. ಕ್ಷಮೆ ಕೇಳಬೇಕೆಂದು ಹೋದವನು ಅಳತೊಡಗಿದೆ.

"ಅಳ್ಬೇಡ ಮಾರಾಯ, ಅಕ್ಕನ ಮದುವೆ ಮುಗಿಸ್ಕೊಂಡು ಬಾ," ಎಂದ. "ಬಂದ ತಕ್ಷಣ ಮೊದ್ಲು ಆ ಬಣ್ಣ ಕೆರೆದು ಹಾಕು. ನಾನಿರಲ್ಲ. ನೀನೇ ನೋಡ್ಕೋಬೇಕು."

ಮದುವೆಯಲ್ಲಿ ಮಾವ ನನ್ನನ್ನು ಬಿಳಿ ಸಮವಸ್ತ್ರದಲ್ಲಿ ಎಲ್ಲರೆದುರು ನಿಲ್ಲಿಸಿದ. ಸಮುದ್ರ ಕಾಯುವವನೆಂದು ಜನ ಬೆನ್ನು ತಟ್ಟಿದರು. ಅಕ್ಕ ನನ್ನ ಕೈ ಹಿಡಿದುಕೊಂಡು, "ಏನೋ, ಇಷ್ಟು ಸಣ್ಣಗಾಗಿದೀಯಾ?" ಎಂದಳು. ಹಡಗಿನ ಊಟ ಸರಿಯಿಲ್ಲ ಎಂದೆ.

ಹಿಂತಿರುಗಿದಾಗ ಕೊಂಡಿಗಳು ಇನ್ನೂ ಬೆಳ್ಳಗಿದ್ದವು. ಗ್ರೀಸಣ್ಣನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಮೇಸ್ತ್ರಿ ನನ್ನನ್ನು ತನ್ನ ಸಹಾಯಕನನ್ನಾಗಿ ಮಾಡಿದ್ದ, ಭುಜಕ್ಕೊಂದು ಪಟ್ಟಿ ಹೆಚ್ಚಾಗಿತ್ತು, ಜೊತೆಗೆ ಒಂದು ಜೊತೆ ಬಿಳಿ ಕೈಗವಸು. ಉಳಿ ಮತ್ತು ಸುತ್ತಿಗೆ ಅಲ್ಲೇ ಪೆಟ್ಟಿಗೆಯಲ್ಲಿದ್ದವು. ಅರ್ಧ ಗಂಟೆಯ ಕೆಲಸ.

ಆ ಸುಣ್ಣದ ಮೇಸ್ತ್ರಿಗೆ, ಟೋಪಿಯ ಸಾಹೇಬನಿಗೆ, ಆ ಕ್ಯಾಪ್ಟನ್‌ಗೆ ಇವತ್ತಿಗೂ ಬಾಯಿತುಂಬ ಉಗಿಯುತ್ತೇನೆ. ಆದರೆ ಮುಂದಿನ ತಪಾಸಣೆಗೆ ಕೊಂಡಿಗೆ ನಾಲ್ಕನೆಯ ಕೋಟು ಹಚ್ಚಿದವನು ನಾನು.